ಅವ್ವನ ಬರಿಹಣೆ

ಹಿಂಸೆಯ ಕಾಲದಲ್ಲಿ ದೇವರನ್ನು ಬಿಡದೆ ನಿಂತವರ ಬಗ್ಗೆ ನಮ್ಮ ಚರ್ಚಿನಲ್ಲಿ ಪ್ರಸಂಗ ಮಾಡುವವರು ಯಾವಾಗಲೂ ಸಿಂಹಗಳನ್ನು ತರುತ್ತಾರೆ. ಯಾವುದೋ ದೇಶದ ರಾಜ, ಅವನ ಕತ್ತಿ, ಬೆಂಕಿ, ಸಿಂಹದ ಬಾಯಿ. ಕೇಳಲು ಚೆನ್ನಾಗಿರುತ್ತದೆ, ಮಕ್ಕಳು ಸಹ ತೂಕಡಿಸುವುದಿಲ್ಲ. ನಾನು ಮಾತ್ರ ಸೆರಗಿನ ಮರೆಯಲ್ಲಿ ಹಲ್ಲು ಕಡಿಯುತ್ತಿರುತ್ತೇನೆ. ನಮ್ಮೂರಲ್ಲಿ ಸಿಂಹ ಇರಲಿಲ್ಲ. ಒಂದು ಕುಂಕುಮದ ಭರಣಿ ಇತ್ತು. ಅದನ್ನು ಹಿಡಿದುಕೊಂಡು ಊರಿಗೆ ಊರೇ ನನ್ನ ಅವ್ವನ ಬೆನ್ನು ಬಿದ್ದಿತು. ಸಿಂಹ ಹೊಟ್ಟೆ ತುಂಬಿದಾಗಲಾದರೂ ಸುಮ್ಮನಿರುತ್ತದೆ.

ನನಗೆ ವಯಸ್ಸಾಗಿದೆ. ಮಂಡಿ ಸವೆದಿವೆ, ಕಣ್ಣು ಮಂಜಾಗಿವೆ, ಸಿಟ್ಟು ಮಾತ್ರ ಹರೆಯದಲ್ಲೇ ಇದೆ. ಅದು ತಣ್ಣಗಾಗುವ ಮೊದಲು ಹೇಳಿಬಿಡಬೇಕು.

ಗೋನೆಗಂಡ್ಲದಿಂದ ಆದವಾನಿಗೆ ಹೋಗುವ ಬಂಡಿದಾರಿಯಿಂದ ಒಳಗೆ, ಕರಿ ನೆಲದ ನಡುವೆ ನಮ್ಮೂರು. ಆಗ ಆದವಾನಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ನಮ್ಮದು ಊರಾಚೆಯ ಕೇರಿ. ಊರ ಬಾವಿಯ ಕಟ್ಟೆ ನಾವು ಮುಟ್ಟುವಂತಿರಲಿಲ್ಲ. ಕೊಡ ತಂದು ಕೆಳಗೆ ಇಟ್ಟು ದೂರ ನಿಲ್ಲಬೇಕು. ಯಾರಾದರೂ ಮನಸ್ಸು ಬಂದವರು ಸೇದಿ, ಮೇಲಿನಿಂದಲೇ ಸುರುವಬೇಕು. ನಮಗೆ ಹೆಚ್ಚಾಗಿ ಸುರುವುತ್ತಿದ್ದವಳು ಕುರಿ ಸಾಕುವವರ ಮನೆಯ ಸೊಸೆ. ಅರ್ಧ ಕೊಡಕ್ಕೆ, ಅರ್ಧ ನೆಲಕ್ಕೆ. ಆದರೂ ಆಕೆಯ ಬಾಯಲ್ಲಿ ಬೈಗುಳ ಇರುತ್ತಿರಲಿಲ್ಲ. ಆ ಕಾಲಕ್ಕೆ ಅದೇ ದೊಡ್ಡ ದಯೆ.

ಅವ್ವನಿಗೆ ಊರಲ್ಲಿ ಒಂದು ಹೆಸರಿತ್ತು. ಬಿತ್ತನೆಗೆ ಅವಳ ಕೈಗುಣ ಒಳ್ಳೆಯದೆಂದು ಎಲ್ಲರೂ ನಂಬಿದ್ದರು. ಎತ್ತುಗಳು ಕೂರಿಗೆ ಎಳೆಯುತ್ತಿದ್ದರೆ ಅದರ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ನಡೆಯುತ್ತಾ ಬಿದಿರಿನ ಕೊಳವೆಗೆ ಕಾಳು ಬಿಡುವುದು ಹೆಂಗಸರ ಕೆಲಸ. ಅವ್ವ ಬಿಟ್ಟ ಸಾಲಿನಲ್ಲಿ ತೊಗರಿ ಒತ್ತಾಗಿಯೂ ಏಳುತ್ತಿರಲಿಲ್ಲ, ಬಿಡಿಯಾಗಿಯೂ ಏಳುತ್ತಿರಲಿಲ್ಲ. ಗೌಡರ ಹೊಲದಲ್ಲಿ ಮೊದಲ ಸಾಲು ಅವಳದೇ. ಮುಟ್ಟಿದರೆ ಮೈಲಿಗೆಯಾಗುವ ಹೆಂಗಸಿನ ಕೈಯಿಂದಲೇ ಮೊದಲ ಬೀಜ ಬೀಳಬೇಕು! ನೆಲಕ್ಕೆ ಮೈಲಿಗೆ ಇಲ್ಲ, ಲಾಭಕ್ಕೂ ಇಲ್ಲ. ಅವ್ವ ಆ ದಿನ ತಲೆ ಎತ್ತಿ ನಡೆಯುತ್ತಿದ್ದಳು. ವರ್ಷದಲ್ಲಿ ಅವಳು ಹಾಗೆ ನಡೆಯುತ್ತಿದ್ದದ್ದು ಆಗ ಮಾತ್ರ.

ಅಪ್ಪ ಅವ್ವ ಇಬ್ಬರೂ ಕ್ರೈಸ್ತರಾದದ್ದು ಒಂದೇ ದಿನ, ಒಂದೇ ಕೆರೆಯಲ್ಲಿ. ನನ್ನನ್ನೂ ನನ್ನ ತಂಗಿಯನ್ನೂ ದಂಡೆಯ ಮೇಲೆ ಕೂರಿಸಿದ್ದರು. ಆದವಾನಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಬೋಧಕರನ್ನು ನಾವೆಲ್ಲ ತೆಲುಗರ ಹಾಗೆ ಅಯ್ಯಗಾರು ಎನ್ನುತ್ತಿದ್ದೆವು. ಅವರು ಇಬ್ಬರ ತಲೆಯ ಮೇಲೂ ಕೈಯಿಟ್ಟು ನೀರಿನಲ್ಲಿ ಮುಳುಗಿಸಿ ಎಬ್ಬಿಸಿದರು. ಜೊತೆಗೆ ಬಂದಿದ್ದ ಬಿಳಿ ದೊರೆಸಾನಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಇನ್ನು ಮೇಲೆ ಹಣೆಗೆ ಕುಂಕುಮ ಬೇಡ ಎಂದು ಹೇಳಿ ಹೋದಳು. ಸಮುದ್ರ ದಾಟಿ ಬಂದವಳಿಗೆ ನಮ್ಮ ಹೆಂಗಸರ ಹಣೆಯ ಉಸಾಬರಿ ಯಾಕೆ ಬೇಕಿತ್ತೋ! ಆ ಮಾತು ಹೇಳುವುದು ಸುಲಭ. ಹೇಳಿ, ಮೋಟಾರು ಹತ್ತಿ ಹೋಗಿಬಿಡಬಹುದು.

ಅವ್ವ ಆ ದಿನ ಅಳಿಸಲಿಲ್ಲ. ಮನೆಗೆ ಬಂದಳು, ರೊಟ್ಟಿ ಬಡಿದಳು, ಎಂದಿನಂತೆ ಇದ್ದಳು. ಹಲವು ದಿನ ಕಳೆದ ಮೇಲೆ ಒಂದು ಮುಂಜಾನೆ ಬರಿಹಣೆಯಲ್ಲಿ ಒಲೆಯ ಮುಂದೆ ಕುಳಿತಿದ್ದಳು. ಅಪ್ಪ ಗಾಬರಿಯಾಗಿ ಕೇಳಿದ.

"ದೊರೆಸಾನಿ ಅಂದಳಂತ ಅಳಿಸಿದೇನು?"

"ಆಕಿ ಅಂದಿದ್ದಕ್ಕ ಅಲ್ಲ," ಎಂದಳು ಅವ್ವ. "ಊರಮ್ಮನ ಗುಡಿ ಮುಂದ ದೂರ ನಿಂತು ಸೆರಗು ಒಡ್ಡತಿದ್ದೆ. ಪೂಜಾರಿ ಅಲ್ಲಿಂದ ಎಸೀತಿದ್ದ. ಬಿದ್ದದ್ದನ್ನ ಮಣ್ಣಾಗಿಂದ ಆರಿಸಿಕೊಂಡು ಹಚ್ಚಿಕೊಳ್ಳತಿದ್ದೆ. ಈ ದೇವರು ಎಸೀಲಿಲ್ಲ, ತಲೀ ಮ್ಯಾಲೆ ಕೈ ಇಟ್ಟ. ಆ ಕೈ ಮುಟ್ಟಿದ ಮ್ಯಾಲೆ ಎಸದದ್ದು ನನಗ ಬ್ಯಾಡ."

ನಾನು ಬೈಬಲನ್ನು ಎಷ್ಟೋ ಸಲ ಓದಿದ್ದೇನೆ, ಎಷ್ಟೋ ಪಂಡಿತರ ಪ್ರಸಂಗ ಕೇಳಿದ್ದೇನೆ. ವಿಶ್ವಾಸವೆಂದರೇನೆಂದು ನನಗೆ ತಿಳಿದದ್ದು ಆ ಒಲೆಯ ಮುಂದೆ.

ಬಿತ್ತನೆಯ ದಿನ ಬಂತು. ಅವ್ವ ನನ್ನನ್ನು ಕರೆದುಕೊಂಡು ಹೊಲಕ್ಕೆ ಹೋದಳು. ಕೂರಿಗೆ ಪೂಜೆ ಆಗಿತ್ತು, ಎತ್ತು ಹೂಡಿದ್ದರು. ಗೌಡರ ತಾಯಿ ಬೀಜದ ಬುಟ್ಟಿಯ ಪಕ್ಕ ನಿಂತಿದ್ದಳು. ಆ ಮುದುಕಿಯನ್ನು ಊರೆಲ್ಲ ಗೌಡಸಾನಿ ಎನ್ನುತ್ತಿತ್ತು. ಅವಳು ಅವ್ವನ ಮುಖ ನೋಡಿದವಳೇ ಬುಟ್ಟಿಯ ಮೇಲೆ ಗೋಣಿಚೀಲ ಎಳೆದಳು.

"ಗಂಡ ಇದ್ದಾಕಿ ಹಿಂಗ ಬರಿ ಹಣೀಲೆ ಬೀಜ ಮುಟ್ಟತೀಯೇನ? ನನ್ನ ಹೊಲ ಬಂಜಿ ಆಗಬೇಕೇನ? ಹೋಗು, ಬೊಟ್ಟು ಇಟಗೊಂಡು ಬಾ."

"ಬೊಟ್ಟು ಇಡಂಗಿಲ್ಲವ್ವ," ಎಂದಳು ಅವ್ವ. "ಕೈ ಅದೇ ಐತಲ್ಲ."

ಕೈ ಅದೇ ಇತ್ತು. ಯಾರೂ ಕೈ ನೋಡಲಿಲ್ಲ. ಬೇರೊಬ್ಬಳ ಉಡಿಗೆ ಬೀಜ ಸುರುವಿದರು, ಎತ್ತು ನಡೆದವು. ಅವ್ವ ಬದುವಿನ ಮೇಲೆ ನಿಂತು ಒಂದು ಸಾಲು ಪೂರ್ತಿ ಆಗುವುದನ್ನು ನೋಡಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಮನೆಗೆ ಬಂದಳು. ದಾರಿಯುದ್ದಕ್ಕೂ ಕೈ ಎಷ್ಟು ಬಿಗಿ ಹಿಡಿದಿದ್ದಳೆಂದರೆ ನನ್ನ ಬೆರಳು ಮರಗಟ್ಟಿದವು.

ಬಿತ್ತಿದ ಮೇಲೆ ಮಳೆ ಹಿಂದೆ ಹೋಯಿತು. ನಮ್ಮ ಸೀಮೆಯಲ್ಲಿ ಅದೇನು ಹೊಸದೆ? ಚಿಪ್ಪಗಿರಿ ಕಡೆಯೂ ಬೀಳಲಿಲ್ಲ, ಬೆಳಗಲ್ ಕಡೆಯೂ ಬೀಳಲಿಲ್ಲ. ಅಲ್ಲೆಲ್ಲ ಯಾರ ಹಣೆ ಬರಿದಾಗಿತ್ತು? ಆದರೆ ನಮ್ಮೂರಿಗೆ ಕಾರಣ ಸಿಕ್ಕಿತ್ತು. ಮೋಡ ಬಂದು ಚದುರಿದಾಗಲೆಲ್ಲ ಕೇರಿಯ ಕಡೆ ನೋಡುತ್ತಿದ್ದರು. ಕೊನೆಗೆ ಅಪ್ಪ ಅವ್ವ ಇಬ್ಬರನ್ನೂ ಚಾವಡಿಗೆ ಕರೆಸಿದರು. ಗೌಡರು ಮೇಲೆ ಕಟ್ಟೆಯಲ್ಲಿ, ನಾವು ಕೆಳಗೆ ಬಿಸಿಲಿನಲ್ಲಿ.

"ನಿನ್ನ ಹೇಣತಿ ರಂಡಿ ಹಂಗ ತಿರುಗಾಕತ್ಯಾಳ. ಗಂಡ ಸತ್ತನೇನು ಆಕಿಗೆ?" ಎಂದು ಗೌಡರು ಅಪ್ಪನನ್ನು ಕೇಳಿದರು.

ಅಪ್ಪ ಮೆತ್ತಗಿನ ಮನುಷ್ಯ. ಆದರೂ ತಲೆಯ ಮೇಲಿನ ಬಟ್ಟೆ ತೆಗೆದು ಮುಂದೆ ಬಂದ.

"ಇಲ್ಲಿ ಅದೀನಲ್ರಿ ಗೌಡ್ರ. ಉಂಡೀನಿ, ನಡಕೊಂತ ಬಂದೀನಿ. ಕಾಣಸವಲ್ಲೆ ಏನ್ರಿ?"

ಯಾರೋ ಕಿಸಕ್ಕನೆ ನಕ್ಕರು. ಗೌಡರು ನಗಲಿಲ್ಲ. ಎದುರಿಗೆ ಜೀವಂತ ನಿಂತ ಗಂಡನಿಗಿಂತ ಹಣೆಯ ಮೇಲೆ ಇಲ್ಲದ ಬೊಟ್ಟು ಅವರಿಗೆ ದೊಡ್ಡ ಸಾಕ್ಷಿ. ತೀರ್ಮಾನ ಹೇಳಿದರು. ಅವಳು ಬೊಟ್ಟು ಇಡುವ ತನಕ ನಮ್ಮ ಮನೆಗೆ ಬಾವಿಯ ನೀರಿಲ್ಲ, ಹೊಲದ ಕೂಲಿ ಇಲ್ಲ. ಕೇರಿಯವರು ನಮಗೆ ಒಲೆಯ ಕೆಂಡ ಸಹ ಕೊಡುವಂತಿಲ್ಲ. ಕೊಟ್ಟವರಿಗೂ ಅದೇ ಗತಿ.

ಇಲ್ಲಿ ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ. ಅಪ್ಪನೂ ಅದೇ ಕೆರೆಯಲ್ಲಿ ಮುಳುಗಿ ಎದ್ದವನಲ್ಲವೆ? ಅವನೂ ಊರಮ್ಮನ ಗುಡಿಯ ಕಡೆ ಹೋಗುವುದನ್ನು ಬಿಟ್ಟಿದ್ದ, ಅವನೂ ಯೇಸುವಿನ ಹೆಸರು ಹೇಳಿ ಕಣ್ಣು ಮುಚ್ಚುತ್ತಿದ್ದ. ಅವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಗಂಡಸಿನ ಮೈಮೇಲೆ ಅಳಿಸಲು ಏನೂ ಇರಲಿಲ್ಲ, ಹಚ್ಚಲೂ ಏನೂ ಇರಲಿಲ್ಲ. ಇಬ್ಬರ ನಂಬಿಕೆಯ ಲೆಕ್ಕ ಒಬ್ಬಳ ಹಣೆಯಿಂದ ವಸೂಲಾಯಿತು. ಮಳೆ ಬಂದರೆ ಗೌಡರ ಪುಣ್ಯ, ಬರದಿದ್ದರೆ ನಮ್ಮವ್ವನ ಪಾಪ. ಇದು ಯಾವ ಸೀಮೆಯ ನ್ಯಾಯ!

ನೀರಿಗೆ ನಾವು ಹಳ್ಳಕ್ಕೆ ಹೋಗುತ್ತಿದ್ದೆವು. ಉಸುಕು ತೋಡಿ ವರತೆ ಮಾಡಿ, ಒಸರುವ ನೀರನ್ನು ಚಿಪ್ಪಿನಲ್ಲಿ ಮೊಗೆದು ಕೊಡಕ್ಕೆ ಹಾಕಬೇಕು. ಅದು ತುಂಬುವಷ್ಟರಲ್ಲಿ ನೆರಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಿರುತ್ತಿತ್ತು. ತಂಗಿ ಚಿಕ್ಕವಳು, ಉಸುಕಿನ ಮೇಲೆ ನಿದ್ದೆ ಹೋಗುತ್ತಿದ್ದಳು. ಅಪ್ಪ ಆದವಾನಿಯ ಹತ್ತಿ ಕಾರ್ಖಾನೆಯಲ್ಲಿ ಹಿಂಜಿದ ಹತ್ತಿ ಹೊರುವ ಕೆಲಸ ಹುಡುಕಿಕೊಂಡು ಹೋದ. ವಾರಕ್ಕೊಮ್ಮೆ ಬರುತ್ತಿದ್ದ. ಬಂದಾಗ ಮೂಗು, ಕಿವಿ, ಹುಬ್ಬು ಎಲ್ಲ ಹತ್ತಿಯ ಧೂಳು.

ಹಾಗೆ ಒಂದು ಮಧ್ಯಾಹ್ನ ಹಳ್ಳದಿಂದ ಬರುವಾಗ ಬೇವಿನ ಮರದ ಕೆಳಗೆ ಗೌಡಸಾನಿ ನಿಂತಿದ್ದಳು. ಜೊತೆಗೆ ಅವಳ ಸೊಸೆ, ಆಳುಹೆಂಗಸರು. ಅವರಲ್ಲಿ ಒಬ್ಬಳು ನಮ್ಮ ಕೇರಿಯವಳೇ. ಸೊಸೆಯ ಕೈಯಲ್ಲಿ ಭರಣಿ. ಇಬ್ಬರು ಬಂದು ಅವ್ವನ ರಟ್ಟೆ ಹಿಡಿದರು. ತಲೆಯ ಮೇಲಿನ ಕೊಡ ಬಿದ್ದು ಒಡೆಯಿತು. ಒಂದು ಹೊತ್ತಿನ ನೀರು ನೆಲ ಕುಡಿದುಬಿಟ್ಟಿತು. ಅವ್ವ ಕೂಗಲಿಲ್ಲ, ಕೊಸರಿದಳು. ಸೊಸೆ ಭರಣಿ ಹಿಡಿದುಕೊಂಡು ಹಿಂದೆ ಮುಂದೆ ನೋಡಿದಾಗ ಮುದುಕಿ ಗದರಿದಳು.

"ಹಚ್ಚಲೇ, ಏನ್ ನೋಡ್ತೀ? ದೊಡ್ಡದಾಗಿ ಹಚ್ಚು!"

ತಾನೇ ಯಾಕೆ ಹಚ್ಚಲಿಲ್ಲ ಗೊತ್ತೆ? ಗೌಡಸಾನಿ ವಿಧವೆ. ಕುಂಕುಮ ಮುಟ್ಟುವ ಹಾಗಿರಲಿಲ್ಲ. ತನ್ನ ಹಣೆಯನ್ನು ಕಿತ್ತುಕೊಂಡ ಅದೇ ಕಟ್ಟಳೆಯ ಕಾವಲಿಗೆ ನಿಂತಿದ್ದಳು ಮಹಾತಾಯಿ! ಮೈಲಿಗೆ ಸ್ನಾನದಲ್ಲಿ ಹೋಗುತ್ತದೆಂದು ಸೊಸೆ ಹಿಡಿ ತುಂಬ ತೆಗೆದು ಬೈತಲೆಯಿಂದ ಹುಬ್ಬಿನ ತನಕ ಬಳಿದಳು. ಕಣ್ಣಿಗೂ ಹೋಯಿತು. ನಾನು ಮುದುಕಿಯ ಸೀರೆ ಹಿಡಿದು ಜಗ್ಗಿದೆ. ಮುಟ್ಟಿಬಿಟ್ಟೆನೆಂದು ಅವಳು ಕಿರುಚಿಕೊಂಡಳು. ಹಿಡಿದಿದ್ದವರು ಆ ಗದ್ದಲದಲ್ಲಿ ಕೈಬಿಟ್ಟರು.

ಮನೆಯಲ್ಲಿ ಗಡಿಗೆಯ ತಳದಲ್ಲಿ ಸ್ವಲ್ಪ ನೀರಿತ್ತು. ತೊಳೆದುಕೊಳ್ಳಲು ಸಾಕಾಗುತ್ತಿತ್ತು. ಅವ್ವ ಗಡಿಗೆ ನೋಡಿದಳು, ತಂಗಿಯನ್ನು ನೋಡಿದಳು, ಗಡಿಗೆಯ ಬಾಯಿ ಮುಚ್ಚಿದಳು. ಹೊರಗೆ ಹೋಗಿ ಒಣ ಮಣ್ಣು ತಂದು ಹಣೆಗೆ ಹಾಕಿ ಸೆರಗಿನಿಂದ ತಿಕ್ಕತೊಡಗಿದಳು. ಒಣಗಿದ ಕೈಯಲ್ಲಿ ಕುಂಕುಮ ಬೇಗ ಹೋಗುವುದಿಲ್ಲ. ಚರ್ಮ ಕಿತ್ತು ರಕ್ತ ಬರುವ ತನಕ ತಿಕ್ಕಿದಳು. "ಸಾಕು ಬಿಡಬೇ, ಹೋಗೇತಿ," ಎಂದು ನಾನು ಅತ್ತೆ. ಹೋಗಿದೆಯೋ ಇಲ್ಲವೋ ನೋಡಲು ನಮ್ಮ ಮನೆಯಲ್ಲಿ ಕನ್ನಡಿ ಇರಲಿಲ್ಲ. ನನ್ನ ಮಾತನ್ನೇ ನಂಬಿ ಕೈ ಇಳಿಸಿದಳು.

ಸುದ್ದಿ ಆದವಾನಿಗೆ ಮುಟ್ಟಿತು. ಅಯ್ಯಗಾರು ಬಂದರು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಅವ್ವನ ಹಣೆಯ ಗಾಯ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಒಳ್ಳೆಯ ಮನುಷ್ಯರೇ, ಇಲ್ಲವೆನ್ನುವುದಿಲ್ಲ. ಪ್ರಾರ್ಥನೆ ಮಾಡಿದರು. ನಂತರ ಗೌಡರ ಮನೆಗೆ ಹೋಗಿ ಮಾತಾಡಿ, ಮಜ್ಜಿಗೆ ಕುಡಿದು ಬಂದರು. ಅವರನ್ನು ಒಳಗೆ ಕೂರಿಸಿದ್ದರಂತೆ, ಅವರು ಮೇಲಿನ ಜಾತಿಯಿಂದ ಬಂದ ಕ್ರೈಸ್ತರು. ವಾಪಸು ಬಂದಾಗ ಮಾತು ಬದಲಾಗಿತ್ತು.

"ಅಮ್ಮಾ, ಸ್ವಲ್ಪ ದಿನ ಬೊಟ್ಟು ಇಟ್ಕೊ. ಊರು ತಣ್ಣಗಾಗಲಿ. ದೇವುಡು ಹೃದಯಮು ಚೂಸ್ತಾಡು, ಮನಸ್ಸು ನೋಡ್ತಾನೆ, ಹಣೆ ನೋಡಲ್ಲ."

ಅವ್ವ ತಲೆ ತಗ್ಗಿಸಿ ಕುಳಿತಿದ್ದಳು. ಅಯ್ಯಗಾರ ಎದುರು ಅವಳು ಎಂದೂ ದನಿ ಎತ್ತಿದವಳಲ್ಲ.

"ಅಳಸು ಅಂದೋರು ನೀವ. ಈಗ ಹಚ್ಚು ಅಂತೀರಿ. ಬರದು ಬರದು ಅಳಸಾಕ ನನ್ನ ಹಣಿ ನಿಮ್ಮ ಸಾಲಿ ಪಾಟಿ ಏನ್ರಿ ಅಯ್ಯಗಾರು?"

ಅವರು ಸಮಾಧಾನ ಹೇಳಲು ಬಾಯಿ ತೆರೆದರು. ಅವ್ವ ಬಿಡಲಿಲ್ಲ.

"ನಾನಾಗಿ ಹಚ್ಚಿಕೊಂಡ್ರ ಅದು ಬಣ್ಣ. ಹಚ್ಚಿಕೊಂಡ್ರ ಮಾತ್ರ ನೀರು ಅಂತ ಅವ್ರು ಅಂದಾಗ ಹಚ್ಚಿಕೊಂಡ್ರ, ಅದು ಯೇಸಪ್ಪ ನನಗ ಯಾರೂ ಅಲ್ಲ ಅಂತ ಊರ ಮುಂದ ಹೇಳಿದಂಗ. ಅದನ್ನ ನಾ ಹೇಳಂಗಿಲ್ಲ."

ಅಯ್ಯಗಾರು ಸೈಕಲ್ ಹತ್ತಿದರು. ಅವರಿಗೆ ನಾಚಿಕೆಯಾಗಿತ್ತೆಂದು ನನಗೆ ಈಗ ಅನ್ನಿಸುತ್ತದೆ. ಆದರೆ ನಾಚಿಕೆಯಿಂದ ಕೊಡ ತುಂಬುವುದಿಲ್ಲ.

ಮಳೆಗಾಲದ ಕೊನೆಗೆ ಎರಡು ಹದ ಮಳೆ ಬಿತ್ತು. ಅವ್ವನ ಹಣೆ ಆಗಲೂ ಬರಿದಾಗಿಯೇ ಇತ್ತು. ಮಳೆಗೆ ಅದು ಗೊತ್ತಾಗಲಿಲ್ಲವೆಂದು ಕಾಣುತ್ತದೆ. ಆದರೂ ಊರವರು ತೀರ್ಮಾನವನ್ನು ಹಿಂದೆಗೆಯಲಿಲ್ಲ. ಅದೇ ಮಳೆಯ ಹಿಂದೆ ಅಪ್ಪನನ್ನು ಆದವಾನಿಯಿಂದ ಯಾರದೋ ಬಂಡಿಯಲ್ಲಿ ಹಾಕಿಕೊಂಡು ಬಂದರು. ಚಳಿಜ್ವರ. ಕೆಲವೇ ದಿನ. ಕಷಾಯ ಕಾಸಲು ಕೆಂಡ ಕೊಡುವವರಿರಲಿಲ್ಲ. ಅವ್ವ ಹತ್ತಿಯ ಮೇಲೆ ಚಕಮಕಿ ಕಲ್ಲು ಬಡಿದು ಬೆಂಕಿ ಮಾಡಿದಳು. ಅಪ್ಪ ಒಂದು ಮುಂಜಾನೆ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಹೋಗಿಬಿಟ್ಟ.

ಅಷ್ಟು ದಿನ ನಮ್ಮ ಬಾಗಿಲಿಗೆ ಬಾರದಿದ್ದ ಹೆಂಗಸರು ಆಗ ಬಂದರು. ಕೇರಿಯ ಹಿರಿಯರು, ಕೈಯಲ್ಲಿ ಮೊರ. ಮೊರದಲ್ಲಿ ಹಸಿರು ಬಳೆ, ಹೂವು, ಒಂದು ಪೊಟ್ಟಣ ಕುಂಕುಮ. ನನಗೆ ಅರ್ಥವಾಗಲಿಲ್ಲ. ಅವ್ವನಿಗೆ ಆಯಿತು.

"ಏನದು?"

"ಪದ್ಧತಿ ಐತಲ್ಲಬೇ. ಕಡೀ ಸಲ ನಿನ್ನ ಮುತ್ತೈದಿ ಮಾಡಿ, ಆಮ್ಯಾಲೆ ತೆಗೀಬೇಕು. ಹಚ್ಚದ ಅಳಸೋದು ಹ್ಯಾಂಗ?"

ಕೇಳಿದಿರಾ? ಹಚ್ಚದೆ ಅಳಿಸುವುದು ಹೇಗೆ! ಮಳೆಗಾಲವಿಡೀ ನೀರು ನಿಲ್ಲಿಸಿದ್ದು ಹಚ್ಚಿಸಲಿಕ್ಕೆ, ಈಗ ಹಚ್ಚಲು ಬಂದದ್ದು ಅಳಿಸಲಿಕ್ಕೆ. ಅವರ ಕೈಗೆ ಅವ್ವನ ಹಣೆ ಹೇಗಾದರೂ ಒಮ್ಮೆ ಸಿಗಬೇಕಿತ್ತು.

"ಅಂವ ಇದ್ದಾಗ ಹಚ್ಚಿಲ್ಲ," ಎಂದಳು ಅವ್ವ. "ಈಗ ಅಂವನ ಹೆಣದ ಮುಂದ ಹಚ್ಚತೀನೇನು? ಮಣ್ಣಿಗೆ ಕೈ ಹಚ್ಚೋದಿದ್ರ ಇರ್ರಿ. ಇಲ್ಲಾಂದ್ರ ನಿಮ್ಮ ಮೊರ ತೊಗೊಂಡು ನಡೀರಿ."

ಕೆಲವರು ಎದ್ದು ಹೋದರು. ಕೆಲವರು ಇದ್ದರು. ಅಯ್ಯಗಾರು ಬಂದು ಪ್ರಾರ್ಥನೆ ಮಾಡಿದರು, ಹಳ್ಳದ ಆಚೆ ಅಪ್ಪನನ್ನು ಮಣ್ಣು ಮಾಡಿದೆವು. ಕೈಬಳೆ ಅವ್ವ ಒಡೆಯಲಿಲ್ಲ.

ಮಾರನೆಯ ವಾರ ಊರ ತಳವಾರ ಬಂದು ಬಾಗಿಲ ಮುಂದೆ ನಿಂತು ಹೇಳಿದ. "ನಾಳಿಂದ ಬಾವಿಗೆ ಬರಬೇಕಂತ. ಕಳೇಕೂ ಬರಬೇಕಂತ. ಗೌಡ್ರು ಹೇಳ್ಯಾರ. ಈಗೆಲ್ಲ ಸರಿ ಆತಂತ."

ಏನು ಸರಿಯಾಯಿತು? ಅಪ್ಪ ಸತ್ತದ್ದು ಸರಿಯಾಯಿತು! ಗಂಡನಿಲ್ಲದವಳ ಹಣೆ ಬರಿದಾಗಿರುವುದು ಅವರ ಧರ್ಮಕ್ಕೆ ಒಪ್ಪಿತು. ಅದೇ ಹಣೆ, ಅದೇ ಹೆಂಗಸು, ಅದೇ ಗಾಯದ ಗುರುತು. ನಡುವೆ ಒಬ್ಬ ಮನುಷ್ಯ ಸಾಯಬೇಕಿತ್ತು, ಅಷ್ಟೇ. ಯಾರೂ ತಪ್ಪಾಯಿತೆನ್ನಲಿಲ್ಲ. ತಪ್ಪು ತಾನಾಗಿಯೇ ತಿದ್ದಿಕೊಂಡಿತು ಎನ್ನುವ ಹಾಗೆ ಊರು ನಿಟ್ಟುಸಿರು ಬಿಟ್ಟಿತು. ಸಿಂಹಗಳ ಕಥೆ ಹೇಳುವವರು ಇದಕ್ಕೆ ಏನು ಹೇಳುತ್ತಾರೆ?

ಮಾರನೆಯ ದಿನ ಅವ್ವ ಕೊಡ ತೆಗೆದುಕೊಂಡು ನನ್ನ ಜೊತೆ ಬಾವಿಗೆ ಹೋದಳು. ಕಟ್ಟೆಯ ಕೆಳಗೆ ಕೊಡ ಇಟ್ಟು ದೂರ ನಿಂತೆವು. ಕುರಿ ಸಾಕುವವರ ಸೊಸೆ ನಮ್ಮನ್ನು ನೋಡಿ ನಿಜವಾಗಿಯೂ ಮರುಗಿದಳು. ತುಂಬಿದ ಕೊಡಪಾನ ಮೇಲಕ್ಕೆ ಎಳೆದು, ಕಟ್ಟೆಯ ಅಂಚಿಗೆ ತಂದಳು.

"ಪಾಪ, ಗಂಡನ್ನ ಕಳಕೊಂಡು ಹಣಿ ಬರಿದಾತು ನಿಂದು. ಬಾ, ಹಿಡಿ," ಎಂದಳು.

ಅವ್ವ ಕೊಡದ ಬಾಯಿಯ ಮೇಲೆ ಅಂಗೈ ಮುಚ್ಚಿದಳು.

"ತಡಿಯವ್ವ. ಅಂವ ಸತ್ತದ್ದಕ್ಕ ಬರಿದಾಗಿಲ್ಲ ಇದು. ಅಂವ ಇದ್ದಾಗ್ಲೇ ನಾನ ಮಾಡಿಕೊಂಡದ್ದು, ನನ್ನ ದೇವರ ಸಲುವಾಗಿ. ಅದನ್ನ ತಿಳಕೊಂಡು ಸುರುವತಿದ್ರ ಸುರುವು."

ಬಾವಿಯ ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಸೊಸೆಯ ಮುಖ ಸಣ್ಣಗಾಯಿತು. ಬಗ್ಗಿ, ದನಿ ತಗ್ಗಿಸಿ ಹೇಳಿದಳು.

"ಬಾಯಿ ಮುಚ್ಚಬೇ. ಅವ್ರು ರಂಡಿ ಅಂತ ತಿಳಕೊಂಡ್ರ ತಿಳಕೊಳ್ಳಲಿ, ನಿನ್ನ ಗಂಟೇನ್ ಹೋಗತೈತಿ? ಮಕ್ಕಳಿಗೆ ನೀರರ ಸಿಗತೈತಿ."

ನನ್ನ ನಾಲಿಗೆ ಒಣಗಿತ್ತು. ಕೊಡಪಾನದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದ್ದದ್ದನ್ನೇ ನೋಡುತ್ತಿದ್ದೆ. ಅವ್ವ ಸಿಟ್ಟು ಮಾಡಲಿಲ್ಲ. ಆ ಹೆಂಗಸಿಗೆ ಬುದ್ಧಿ ಹೇಳುವವಳಂತೆ ಮೆತ್ತಗೆ ಹೇಳಿದಳು.

"ಅಂವ ಸತ್ತದ್ದಕ್ಕ ಹಣಿ ಬರಿದು ಅಂತ ಒಪ್ಪಿಕೊಂಡ್ರ, ಅಂವ ಇದ್ದಾಗ ನಾವಿಬ್ರು ಪಟ್ಟದ್ದೆಲ್ಲ ಸುಳ್ಳಾಗತೈತಿ ತಂಗೀ."

ಸೊಸೆ ಅತ್ತಿತ್ತ ನೋಡಿದಳು. ಗೌಡರ ಆಳು ಅಲ್ಲೇ ಎತ್ತಿಗೆ ನೀರು ಕುಡಿಸುತ್ತಾ ನಿಂತಿದ್ದ. ಅವಳು ಕೊಡಪಾನ ಬಗ್ಗಿಸಲಿಲ್ಲ, ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಅವ್ವ ಸ್ವಲ್ಪ ಹೊತ್ತು ಕಾದಳು. ಆಮೇಲೆ ಖಾಲಿ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಹಳ್ಳದ ದಾರಿ ಹಿಡಿದಳು.